ತೋಳು ಮಾತ್ರ ಕತ್ತರಿಸಬೇಡಿ: ಎಂಬತ್ತರ ದಶಕದ ಪ್ರಾಮ್ ಡ್ರೆಸ್ ಸರಿಮಾಡಿದ ನನ್ನ ಅನುಭವ

ನ್ಯೂಜೆರ್ಸಿಯಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ವರ್ಷವಿಡೀ ಸೀರೆ ಬ್ಲೌಸು, ಫಾಲ್, ಲೆಹೆಂಗಾ ಆಲ್ಟ್ರೇಷನ್. ಏಪ್ರಿಲ್ ಬಂತೆಂದರೆ ಪ್ರಾಮ್ ಡ್ರೆಸ್ಸುಗಳ ಸಾಲು. ಪ್ರಾಮ್ ಅಂದರೆ ಇಲ್ಲಿ ಹೈಸ್ಕೂಲು ಮುಗಿಸುವ ಮಕ್ಕಳ ಡ್ಯಾನ್ಸ್ ಪಾರ್ಟಿ. ಆ ಒಂದು ರಾತ್ರಿಯ ಬಟ್ಟೆಗೆ ನಮ್ಮಲ್ಲಿ ಧಾರೆ ಸೀರೆಗೆ ಪಡುವಷ್ಟೇ ತಲೆಬಿಸಿ.

ಈಚೆಗೆ ಕೆಲವು ಹುಡುಗಿಯರು ಹೊಸದನ್ನು ಬಿಟ್ಟು 1980ರ ದಶಕದ ಡ್ರೆಸ್ ಹಿಡಿದು ಬರುತ್ತಾರೆ. ಹಳೆ ಬಟ್ಟೆ ಮಾರುವ ಥ್ರಿಫ್ಟ್ ಅಂಗಡಿಯದ್ದೋ, ಅಮ್ಮನ ಬೀರುವಿನದ್ದೋ. ಟಫೆಟಾ ಅನ್ನುವ ಮಿರಿಮಿರಿ, ಗರಿಗರಿ ಬಟ್ಟೆ, ಸೊಂಟದ ಹಿಂದೆ ದೊಡ್ಡ ಬೋ, ಭುಜದ ಮೇಲೆ ಉಬ್ಬಿದ ಬುಗ್ಗೆ ತೋಳು. ಬಂದವರೆಲ್ಲ ಮೊದಲು ಕೇಳುವುದು ತೋಳು ಕತ್ತರಿಸಿ ಅಂತ. ನಾನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ.

1981ರ ಜುಲೈನಲ್ಲಿ ಡಯಾನಾ ಬ್ರಿಟನ್ನಿನ ಯುವರಾಜ ಚಾರ್ಲ್ಸ್‌ನನ್ನು ಮದುವೆಯಾದಾಗ ತೊಟ್ಟಿದ್ದು ಡೇವಿಡ್ ಮತ್ತು ಎಲಿಜಬೆತ್ ಇಮ್ಯಾನ್ಯುಯೆಲ್ ವಿನ್ಯಾಸ ಮಾಡಿದ, ಇಂಥದ್ದೇ ಬುಗ್ಗೆ ತೋಳಿನ ರೇಷ್ಮೆ ಟಫೆಟಾ ಗೌನು. ಹಿಂದೆ ಎಳೆಯುವ ಸೆರಗೇ 25 ಅಡಿ. ಅಷ್ಟು ಉದ್ದದ ಸೆರಗು ಯಾರಿಗೂ ಬೇಕಿರಲಿಲ್ಲ, ತೋಳು ಮಾತ್ರ ಎಲ್ಲರಿಗೂ ಬೇಕಾಯಿತು. ಪ್ರಾಮ್ ಡ್ರೆಸ್ಸಿಗೆ ಬರುವಾಗ ರೇಷ್ಮೆ ಹೋಗಿ ಅಸಿಟೇಟ್ ಅನ್ನುವ ಅಗ್ಗದ ಕೃತಕ ನೂಲು ಬಂತು ಅಷ್ಟೇ. ಭುಜ ಅಗಲ ಕಂಡಷ್ಟೂ ಸೊಂಟ ಸಣ್ಣದು ಕಾಣುತ್ತದೆ. ಇಡೀ ಡ್ರೆಸ್ಸಿನ ಲೆಕ್ಕ ನಿಂತಿರುವುದೇ ಇದರ ಮೇಲೆ. ತೋಳು ತೆಗೆದರೆ ಭಾರವೆಲ್ಲ ಬೋ ಹತ್ತಿರ ಇಳಿದು, ಹುಡುಗಿ ಗಿಡ್ಡ ಕಾಣುತ್ತಾಳೆ.

ಹೋದ ಸೀಸನ್ನಿನಲ್ಲಿ ಬಂದ ಒಂದು ನೀಲಿ ಡ್ರೆಸ್ಸಿನ ಕೆಲಸ ಹೇಳುತ್ತೇನೆ. ಮೊದಲು ಒಳಗಿನ ಪಟ್ಟಿ ಹುಡುಕಿದೆ. ಪಕ್ಕದ ಹೊಲಿಗೆಯಲ್ಲಿ ಕೆಂಪು, ಬಿಳಿ, ನೀಲಿ ಬಣ್ಣದ ಪುಟ್ಟ ಲೇಬಲ್ ಸಿಕ್ಕಿತು. ಅಮೆರಿಕದ ಮಹಿಳಾ ಉಡುಪು ಕಾರ್ಮಿಕರ ಸಂಘ ಐಎಲ್‌ಜಿಡಬ್ಲ್ಯುಯುನದ್ದು. ಈ ಮೂರು ಬಣ್ಣದ ಲೇಬಲ್ 1974ರಿಂದ 1995ರವರೆಗೆ ಇತ್ತು. ಹಳೇದು ಅಂತ ಮಾರುವ ಹೊಸ ಮಾಲನ್ನು ಇದರಿಂದ ಹಿಡಿಯಬಹುದು.

ಆಮೇಲೆ ಬಟ್ಟೆ ಪರೀಕ್ಷೆ. ಹೊಲಿಗೆಯ ಒಳಅಂಚಿನಿಂದ ಉಗುರಿನಷ್ಟು ಚೂರು ಕತ್ತರಿಸಿ, ಅಸಿಟೋನ್ ಇರುವ ನೈಲ್ ಪಾಲಿಶ್ ರಿಮೂವರ್ ಹಾಕಿದೆ. ಕರಗಿ ಅಂಟಂಟಾಯಿತು. ಅಲ್ಲಿಗೆ ಅಸಿಟೇಟ್ ಅಂತ ಖಾತ್ರಿ. ಪಾಲಿಯೆಸ್ಟರ್ ಆಗಿದ್ದರೆ ಕರಗುತ್ತಿರಲಿಲ್ಲ. ಲೈನಿಂಗ್ ಅಲ್ಲಲ್ಲಿ ನಸುಗೆಂಪಾಗಿತ್ತು. ಹುಡುಗಿಯ ಅಮ್ಮ ಯಾವುದೋ ಕಲೆ ಅಂದುಕೊಂಡಿದ್ದರು. ಕಲೆಯಲ್ಲ. ನೀಲಿ ಅಸಿಟೇಟ್ ಗಾಳಿಯಲ್ಲಿರುವ ಹೊಗೆಗೆ ಹಾಗೆ ಬಣ್ಣ ತಿರುಗುತ್ತದೆ, ಎಷ್ಟು ಒಗೆದರೂ ಹೋಗಲ್ಲ. ಒಳಗಡೆ ತಾನೇ, ಸುಮ್ನೆ ಬಿಟ್ಟೆ.

ನಿಜವಾದ ಕೆಲಸ ತೋಳಿನೊಳಗೆ. ಕಂಕುಳ ಸುತ್ತಿನಲ್ಲಿ ಲೈನಿಂಗನ್ನು ಕೈಯಲ್ಲೇ ಬಿಚ್ಚಿ ತೋಳನ್ನು ಒಳಮಗುಚಿದೆ. ಭುಜದ ಪ್ಯಾಡಿನ ಫೋಮು ಹಳದಿ ಪುಡಿಯಾಗಿ ಉದುರಿತು. ಆ ಕಾಲದ ಡ್ರೆಸ್ಸುಗಳಲ್ಲಿ ಇದು ಮಾಮೂಲು. ಅದರಡಿಯಲ್ಲಿ ಗಟ್ಟಿ ನೆಟ್ಟಿನ ಪಟ್ಟಿ, ನೆರಿಗೆ ಹಿಡಿದು ಹೊಲಿದದ್ದು. ಮೆತ್ತಗಾಗಿ ಮಲಗಿಬಿಟ್ಟಿತ್ತು. ತೋಳು ಜೋತುಬಿದ್ದು ಕೊಳಕಾಗಿ ಕಾಣುತ್ತಿದ್ದದ್ದು ಅದಕ್ಕೇ. ತಪ್ಪು ಫ್ಯಾಷನ್ನಿನದ್ದಲ್ಲ, ನೆಟ್ಟಿನದ್ದು.

ಲೆಹೆಂಗಾಕ್ಕೆ ಹಾಕುವ ಕ್ಯಾನ್‌ಕ್ಯಾನ್ ನೆಟ್ ನನ್ನ ಹತ್ತಿರ ಸದಾ ಇರುತ್ತದೆ. 8 ಇಂಚು ಅಗಲದ ಪಟ್ಟಿ ಕತ್ತರಿಸಿ ಉದ್ದಕ್ಕೆ ಎರಡು ಮಡಿಕೆ ಮಾಡಿದೆ. ಉದ್ದ, ತೋಳಿನ ಮೇಲ್ಭಾಗದ ನೆರಿಗೆ ಜಾಗದ ಎರಡರಷ್ಟು. ನೆರಿಗೆ ಎಳೆದು, ಮಡಿಕೆಯ ಅಂಚು ತೋಳಿನ ಕಡೆಗಿರುವಂತೆ, ಬರೀ ಒಳಅಂಚಿಗೆ ಸೇರಿಸಿ ಹೊಲಿದೆ. ನೆಟ್ಟಿನ ಕತ್ತರಿಸಿದ ತುದಿ ಚರ್ಮಕ್ಕೆ ಚುಚ್ಚುತ್ತದೆ, ಅದಕ್ಕೆ ಆರ್ಗಂಜಾ ಪಟ್ಟಿ ಸುತ್ತಿದೆ. ಪ್ಯಾಡ್ ಹೊಸದು, ಆದರೆ ಹಳೆಯದರ ಅರ್ಧ ದಪ್ಪ. ಅಲ್ಲಿ ಮಾತ್ರ ಈಗಿನ ಕಾಲಕ್ಕೆ ಸ್ವಲ್ಪ ರಾಜಿ. ತೋಳು ಎದ್ದು ನಿಂತ ಮೇಲೆ ಹುಡುಗಿ ಕನ್ನಡಿ ಮುಂದೆ ಆಚೀಚೆ ತಿರುಗಿದಳು. ಕತ್ತರಿಸುವ ಮಾತು ಮತ್ತೆ ಬರಲಿಲ್ಲ.

ಎದೆಯ ಸುತ್ತಳತೆ ಬಿಗಿಯಾಗಿತ್ತು. ಬ್ಲೌಸಾದರೆ ಒಳಗೆ ಬಿಟ್ಟ ಬಟ್ಟೆ ಬಿಚ್ಚಿ ಸಡಿಲ ಮಾಡಿಬಿಡುತ್ತೇವೆ, ಅಲ್ವಾ? ಟಫೆಟಾದಲ್ಲಿ ಆ ಆಟ ನಡೆಯಲ್ಲ. ಸೂಜಿ ಹೋದ ತೂತು ಹಾಗೇ ಉಳಿದು, ಹಳೆ ಹೊಲಿಗೆಯ ಗೆರೆ ಎದ್ದು ಕಾಣುತ್ತದೆ. ಗುಂಡುಪಿನ್ನನ್ನೂ ಒಳಅಂಚಿಗೇ ಚುಚ್ಚಬೇಕು. ಅದಕ್ಕೆ ಬೆನ್ನಿನ ಜಿಪ್ ತೆಗೆದು ಎರಡೂ ಕಡೆ ಲೂಪು ಹಾಕಿ ಡೋರಿ ಕಟ್ಟುವಂತೆ ಮಾಡಿದೆ. ಲೂಪಿನ ಪಕ್ಕದಲ್ಲೇ ಬಟ್ಟೆಯನ್ನು ನೆಟ್ಟಗೆ ಹಿಡಿಯುವ ಒಂದೊಂದು ಬೋನಿಂಗ್ ಕಡ್ಡಿ ಬೇಕು, ಇಲ್ಲದಿದ್ದರೆ ಡೋರಿ ಎಳೆದಾಗ ಬಟ್ಟೆ ಮುದುರುತ್ತದೆ. ಡೋರಿಯ ಹಿಂದೆ ಬೆನ್ನು ಮುಚ್ಚುವ ಪಟ್ಟಿಗೆ ಅದೇ ನೀಲಿ ಈಗ ಎಲ್ಲಿ ಸಿಗಬೇಕು? ಬೋ ಬಿಚ್ಚಿ ಅದರ ಹಿಂಬದಿಯ ಪದರ ತೆಗೆದುಕೊಂಡೆ. ಬೋಗೆ ಹಿಂದಿನಿಂದ ಬೇರೆ ಬಟ್ಟೆ ಕೊಟ್ಟೆ. ಯಾರಿಗೂ ಗೊತ್ತಾಗಲ್ಲ.

ಇಸ್ತ್ರಿಗೆ ಕಡಿಮೆ ಬಿಸಿ, ಒಳಮೈ ಕಡೆಯಿಂದ, ಮೇಲೆ ಹಳೆ ಪಂಚೆಯ ತುಂಡು. ನೀರು ಚಿಮುಕಿಸಲೇಬಾರದು, ಹನಿ ಬಿದ್ದಲ್ಲೆಲ್ಲ ಕಲೆ. ಒಗೆಯುವುದಿದ್ದರೆ ಡ್ರೈಕ್ಲೀನಿಂಗೇ.

ಬೋವನ್ನು ವಾಪಸ್ ಹೊಲಿಯಲಿಲ್ಲ, ಸ್ನ್ಯಾಪ್ ಬಟನ್ ಹಾಕಿದೆ. ಪಾರ್ಟಿಗೆ ಹೋಗುವ ಕಾರಿನಲ್ಲಿ ಅದರ ಮೇಲೆ ಕೂತರೆ ಅಪ್ಪಚ್ಚಿಯಾಗುತ್ತದೆ. ಬಿಚ್ಚಿ ಮಡಿಲಲ್ಲಿಟ್ಟುಕೋ, ಇಳಿದ ಮೇಲೆ ಹಾಕಿಕೋ ಅಂತ ಹೇಳಿ ಕಳಿಸಿದೆ.