ಕಂಸದೊಳಗೆ ಸಿಕ್ಕ ಮನೆತನ: ಓ'ಸಲಿವನ್ ಹುಡುಕಾಟದ ನನ್ನ ಅನುಭವ

ಧಾರವಾಡ ಜಿಲ್ಲೆಯ ನಮ್ಮ ಹಳ್ಳಿಗೆ ಸುಗ್ಗಿ ಮುಗಿದ ಮೇಲೆ ಹೆಳವ ಬರುತ್ತಿದ್ದ. ಕಟ್ಟೆಯ ಮೇಲೆ ಕುಳಿತು ನಮ್ಮ ಮನೆತನದ ಮೂಲಪುರುಷನಿಂದ ಅಪ್ಪನವರೆಗೆ ಹೆಸರುಗಳನ್ನು ಒಂದೇ ಉಸಿರಿಗೆ ಹೇಳುತ್ತಿದ್ದ. ಆಮೇಲೆ ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಬರೆದುಕೊಂಡು, ಕಾಳು ಕಡಿ ಪಡೆದು ಮುಂದಿನ ಊರಿಗೆ ಹೊರಡುತ್ತಿದ್ದ. ನಾನು ಹುಟ್ಟಿದ ವರ್ಷ ನನ್ನ ಹೆಸರನ್ನೂ ಬರೆದುಕೊಂಡನೆಂದು ಅವ್ವ ಹೇಳುತ್ತಾಳೆ. ಮದುವೆಯಾಗಿ ಐರ್ಲೆಂಡಿನ ಕಾರ್ಕ್‌ಗೆ ಬಂದ ಮೇಲೆ ನಾನೇ ಒಬ್ಬ ಹೆಳವನ ಕೆಲಸಕ್ಕೆ ಇಳಿಯುತ್ತೇನೆಂದು ಎಣಿಸಿರಲಿಲ್ಲ.

ಮಾವನವರದು ಓ'ಸಲಿವನ್ ಮನೆತನ. ಅವರ ಮನೆಯ ಅಗ್ಗಿಷ್ಟಿಕೆಯ ಮೇಲೆ ಒಂದು ಮರದ ಫಲಕವಿದೆ, ಅದರಲ್ಲಿ ಗುರಾಣಿಯ ಆಕಾರದ ಬಣ್ಣದ ಲಾಂಛನ. ಮೇಲರ್ಧ ಬಂಗಾರದ ಬಣ್ಣ. ಅಲ್ಲಿ ಕತ್ತಿ ಹಿಡಿದ ಕೆಂಪು ಕೈ, ಕತ್ತಿಗೆ ಸುತ್ತಿಕೊಂಡ ಹಾವು, ಎರಡೂ ಕಡೆ ಎದುರುಬದುರಾಗಿ ನಿಂತ ಕೆಂಪು ಸಿಂಹಗಳು. ಕೆಳಗೆ ಎಡಕ್ಕೆ ಹಸಿರಿನ ಮೇಲೆ ಬಂಗಾರದ ಜಿಂಕೆ. ಬಲಕ್ಕೆ ಅರ್ಧ ಬಿಳಿ, ಅರ್ಧ ಕಪ್ಪು ನೆಲದ ಮೇಲೆ ಬಣ್ಣ ಅದಲುಬದಲಾದ ಕಾಡುಹಂದಿ. ಅಡಿಯಲ್ಲಿ ‘ಲಾವ್ ಫಾಸ್ಟಿನಾಕ್ ಅಬೂ’, ಅಂದರೆ ಸ್ಥಿರವಾದ ಕೈಗೆ ಜಯವಾಗಲಿ ಎಂಬ ಘೋಷಣೆ. ಅಮೆರಿಕದ ನೆಂಟರೊಬ್ಬರು ಕೊಂಡು ತಂದದ್ದು. ‘ಇದು ನಮ್ಮದೇನು?’ ಎಂದು ಕೇಳಿದೆ. ‘ಹಾಗೆಂದು ಅಂಗಡಿಯವನು ಹೇಳಿದನಂತೆ’ ಎಂದರು ಮಾವ. ನನ್ನ ಹುಡುಕಾಟ ಶುರುವಾದದ್ದು ಆ ಮಾತಿನಿಂದ.

ಮೊದಲ ಆರು ತಿಂಗಳು ನಾನು ಮಾಡಿದ್ದೆಲ್ಲ ತಪ್ಪು. ಅಡ್ಡಹೆಸರನ್ನು ಹಿಡಿದುಕೊಂಡು ಹುಡುಕಿದೆ. ಐರ್ಲೆಂಡಿನಲ್ಲಿ ಓ'ಸಲಿವನ್ ಎಂದು ಹುಡುಕುವುದು ನಮ್ಮ ಕಡೆ ಪಾಟೀಲ ಎಂದು ಹುಡುಕಿದ ಹಾಗೆ. ಅದು ದೇಶದ ಅತಿ ಸಾಮಾನ್ಯ ಅಡ್ಡಹೆಸರುಗಳಲ್ಲಿ ಒಂದು, ಅದರಲ್ಲೂ ಕಾರ್ಕ್ ಮತ್ತು ಕೆರ್ರಿ ಕೌಂಟಿಗಳಲ್ಲಿ ಅದರದೇ ರಾಜ್ಯ. ಒಬ್ಬ ಡೇನಿಯಲ್ ಸಲಿವನ್‌ನನ್ನು ಮಾವನವರ ಮುತ್ತಜ್ಜನೆಂದು ನಂಬಿ ಅವನ ಹಿಂದಿನ ಮೂರು ತಲೆಮಾರು ಕಟ್ಟಿಬಿಟ್ಟಿದ್ದೆ. ಅವನು ಬೇರೆಯೇ ಮನೆಯವನೆಂದು ತಿಳಿದ ರಾತ್ರಿ ಅಷ್ಟನ್ನೂ ಅಳಿಸಿ ಹಾಕಿದೆ.

ದಾರಿ ತೋರಿಸಿದ್ದು ಟೌನ್‌ಲ್ಯಾಂಡ್. ಊರಿಗಿಂತ ಚಿಕ್ಕದು, ಹೊಲಕ್ಕಿಂತ ದೊಡ್ಡದು, ನಮ್ಮ ಮಜರೆಯ ಹಾಗೆ. ಇಡೀ ದ್ವೀಪದಲ್ಲಿ ಇಂಥವು ಅರವತ್ತು ಸಾವಿರಕ್ಕೂ ಹೆಚ್ಚಿವೆ. ಅದರ ಹೆಸರು ಗೊತ್ತಿಲ್ಲದೆ ಐರಿಷ್ ಮನೆತನವೊಂದನ್ನು ಹುಡುಕಬಾರದು ಎಂಬುದು ನಾನು ಕಲಿತ ಮೊದಲ ಪಾಠ. ಮಾವನವರಿಗೆ ಅದು ಬಾಯಿಪಾಠವಾಗಿತ್ತು. ಬೇರಾ ಪರ್ಯಾಯ ದ್ವೀಪದ ತುದಿಯಲ್ಲಿ ಅಲಿಹೀಸ್ ಎಂಬ ಊರಿನ ಪಕ್ಕದ ಒಂದು ಜಾಗ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ರಾಷ್ಟ್ರೀಯ ಪತ್ರಾಗಾರ 1901 ಮತ್ತು 1911ರ ಜನಗಣತಿಯನ್ನು ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಅದಕ್ಕೂ ಹಿಂದಿನ ಗಣತಿಗಳು ಬಹುಪಾಲು ಇಲ್ಲ. ಕೆಲವನ್ನು ಸರ್ಕಾರವೇ ನಾಶಮಾಡಿತು, ಉಳಿದವು 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡದ ದಾಖಲೆಗಳ ಜೊತೆ ಸುಟ್ಟುಹೋದವು. ಹಾಗಾಗಿ ಉಳಿದ ಎರಡು ಗಣತಿಗಳ ಒಂದೊಂದು ಅಕ್ಷರವೂ ಬೆಲೆಬಾಳುವಂಥದ್ದು. ಆ ಟೌನ್‌ಲ್ಯಾಂಡಿನ ಹೆಸರು ಕೊಟ್ಟು ತೆರೆದಾಗ ಮಾವನವರ ಅಜ್ಜ ತಮ್ಮ ಕೈಯಾರೆ ತುಂಬಿದ 1911ರ ನಮೂನೆ ಕಣ್ಣೆದುರು ಬಂತು. ಬಾಗಿದ ಅಕ್ಷರ, ಎರಡು ಕಡೆ ಮಸಿ ಹರಡಿದೆ. 1901ರಲ್ಲಿ ಬರೀ ‘ಸಲಿವನ್’ ಇದ್ದದ್ದು ಇಲ್ಲಿ ‘ಓ'ಸಲಿವನ್’ ಆಗಿದೆ. ಇಂಗ್ಲಿಷರ ಆಳ್ವಿಕೆಯಲ್ಲಿ ಎಷ್ಟೋ ಮನೆಗಳು ಕಳಚಿಟ್ಟಿದ್ದ ‘ಓ’ವನ್ನು ಭಾಷಾಭಿಮಾನದ ಆ ದಿನಗಳಲ್ಲಿ ಜನ ಮತ್ತೆ ಹಚ್ಚಿಕೊಂಡರು. ‘ಓ’ ಎಂದರೆ ಮೊಮ್ಮಗ, ವಂಶಜ. ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ಅಮೆರಿಕದ ಎಲ್ಲಿಸ್ ದ್ವೀಪದ ಗುಮಾಸ್ತರು ಅದನ್ನು ಕಿತ್ತುಹಾಕಿದರು ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಅದು ನಿಜವಲ್ಲ. ಅವರು ಹಡಗಿನ ಪಟ್ಟಿಯಲ್ಲಿದ್ದ ಹೆಸರುಗಳನ್ನೇ ನೋಡಿ ಕೂಗುತ್ತಿದ್ದರು.

ಅದೇ ಮನೆಯಲ್ಲಿದ್ದ ವಿಧುರ ಮುತ್ತಜ್ಜನ ವಯಸ್ಸು 1901ರಲ್ಲಿ 62, 1911ರಲ್ಲಿ 76. ಹತ್ತು ವರ್ಷದಲ್ಲಿ ಹದಿನಾಲ್ಕು ವರ್ಷ ಮುದುಕನಾದದ್ದು ಹೇಗೆ? 1908ರಲ್ಲಿ ವೃದ್ಧಾಪ್ಯ ಪಿಂಚಣಿಯ ಕಾಯ್ದೆ ಬಂತು, ಎಪ್ಪತ್ತು ತುಂಬಿದವರಿಗೆ ವಾರಕ್ಕೆ ಐದು ಶಿಲ್ಲಿಂಗ್. ಜನನ ನೋಂದಣಿ ಎಲ್ಲರಿಗೂ ಕಡ್ಡಾಯವಾದದ್ದೇ 1864ರಲ್ಲಿ, ಅದಕ್ಕೆ ಮೊದಲು ಹುಟ್ಟಿದವರ ಬಳಿ ಸರ್ಕಾರಿ ಪುರಾವೆ ಎಲ್ಲಿಂದ ಬರಬೇಕು? ಆ ಊರುಗಳ ಬಡತನ ತಿಳಿದ ಮೇಲೆ ನಾನು ಆ ಸಂಖ್ಯೆಯನ್ನು ಸುಳ್ಳೆಂದು ಕರೆಯಲಾರೆ.

ಮುಂದೆ ಚರ್ಚಿನ ದಾಖಲೆಗಳು. ಕ್ಯಾಥೊಲಿಕ್ ಪ್ಯಾರಿಷ್‌ಗಳ ಜ್ಞಾನಸ್ನಾನ ಮತ್ತು ಮದುವೆಯ ಪುಸ್ತಕಗಳ ಚಿತ್ರಗಳನ್ನು ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಜಾಲಕ್ಕೆ ಹಾಕಿತು. ಇಲ್ಲಿ ಹೆಸರುಗಳು ವೇಷ ಬದಲಿಸುತ್ತವೆ. ಮನೆಯಲ್ಲಿ ಡೀರ್ಮಿಡ್ ಎಂದು ಕರೆಸಿಕೊಂಡವನು ಸರ್ಕಾರಿ ಕಾಗದದಲ್ಲಿ ಜೆರಮಾಯ, ನೆರೆಯವರಿಗೆ ಡಾರ್ಬಿ. ಟೈಗ್ ಎಂಬವನು ಟಿಮತಿ ಅಥವಾ ಥ್ಯಾಡಿಯಸ್. ಲ್ಯಾಟಿನ್ ಬಳಸಿದ ಪಾದ್ರಿಯ ಕೈಯಲ್ಲಿ ಜೇಮ್ಸ್ ಎಂಬವನು ಜಾಕೋಬಸ್. ಒಂದು ಹಾಳೆಯಲ್ಲಿ ಹೆಸರುಗಳ ಈ ನಂಟನ್ನೆಲ್ಲ ಬರೆದು ಗೋಡೆಗೆ ಅಂಟಿಸಿಕೊಂಡು ಕೆಲಸ ಮಾಡಿದೆ.

ಆದರೂ ಒಂದು ಗಂಟು ಬಿಚ್ಚಲಿಲ್ಲ. 1847ರಿಂದ 1864ರವರೆಗೆ ನಡೆದ ಗ್ರಿಫಿತ್ ಮೌಲ್ಯಮಾಪನವೆಂದರೆ ನಮ್ಮ ಪಹಣಿ ಇದ್ದ ಹಾಗೆ. ಗೇಣಿದಾರ ಯಾರು, ಒಡೆಯ ಯಾರು, ಜಮೀನೆಷ್ಟು, ಮನೆಯ ಬೆಲೆಯೆಷ್ಟು, ಎಲ್ಲ ಅದರಲ್ಲಿದೆ. ಅಲ್ಲಿ ಆ ಒಂದೇ ಟೌನ್‌ಲ್ಯಾಂಡಿನಲ್ಲಿ ಮೂವರು ಡೇನಿಯಲ್ ಸಲಿವನ್‌ಗಳು. ಒಬ್ಬನ ಮುಂದೆ ಏನೂ ಇಲ್ಲ. ಒಬ್ಬನ ಮುಂದೆ ಕಂಸದಲ್ಲಿ ‘ಪ್ಯಾಟ್’, ಅಂದರೆ ಪ್ಯಾಟ್‌ನ ಮಗ. ಇನ್ನೊಬ್ಬನ ಮುಂದೆ ಕಂಸದಲ್ಲಿ ‘ರೋ’. ವಾರಗಟ್ಟಲೆ ಆ ಪುಟವನ್ನು ನೋಡುತ್ತ ಕುಳಿತೆ.

ಒಂದು ಭಾನುವಾರ ಊಟಕ್ಕೆ ಹೋದಾಗ ಮಾವನವರನ್ನು ಕೇಳಿದೆ: ‘ನಿಮ್ಮ ಕಡೆ ಅಷ್ಟು ಜನ ಸಲಿವನ್‌ಗಳಿದ್ದರಲ್ಲ, ನಿಮ್ಮ ಮನೆಯವರನ್ನು ಜನ ಹೇಗೆ ಗುರುತಿಸುತ್ತಿದ್ದರು?’ ಆಲೂಗಡ್ಡೆ ಸುಲಿಯುತ್ತಿದ್ದವರು ತಲೆ ಎತ್ತದೆ, ‘ನಾವು ರುವಾ’ ಎಂದರು. ರುವಾ ಎಂದರೆ ಐರಿಷ್‌ನಲ್ಲಿ ಕೆಂಪು, ಕೆಂಪು ಕೂದಲಿನವರು. ಇಂಗ್ಲಿಷಿನಲ್ಲಿ ಬರೆಯುವ ಗುಮಾಸ್ತರು ಅದನ್ನೇ ‘ರೋ’ ಎಂದು ಬರೆದರು. ಈಗ ಮನೆಯಲ್ಲಿ ಒಬ್ಬರಿಗೂ ಕೆಂಪು ಕೂದಲಿಲ್ಲ. ನನ್ನ ಕೈಯಲ್ಲಿದ್ದ ತಟ್ಟೆಯನ್ನು ಅಲ್ಲೇ ಇಟ್ಟು ಮೊಬೈಲಿನಲ್ಲಿ ಆ ಪುಟ ತೆರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

ಮೂಲ ಹಿಡಿದ ಮೇಲೆ ಫಲಕದ ವಿಷಯಕ್ಕೆ ಮರಳಿದೆ. ಐರಿಷ್‌ನಲ್ಲಿ ಈ ಹೆಸರು ಓ ಸೂಲಿವಾನ್. ‘ಸೂಲ್’ ಎಂದರೆ ಕಣ್ಣು. ಉಳಿದರ್ಧಕ್ಕೆ ಕೆಲವರು ಕಪ್ಪು ಎನ್ನುತ್ತಾರೆ, ಕೆಲವರು ಒಂದು ಎನ್ನುತ್ತಾರೆ. ಕಪ್ಪು ಕಣ್ಣಿನವನೋ, ಒಕ್ಕಣ್ಣನೋ, ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮಗಳು, ಸೊಸೆಗೆ ಹೆಸರಿನ ರೂಪವೇ ಬದಲಾಗುತ್ತದೆ: ಮಗಳು ‘ನೀ’, ಸೊಸೆ ‘ಈ’. ಮೂಲ ನೆಲೆ ಟಿಪ್ಪರೆರಿಯ ನಾಕ್‌ಗ್ರಾಫನ್. 1190ರ ದಶಕದಲ್ಲಿ ನಾರ್ಮನ್ನರು ಒತ್ತಿದ್ದರಿಂದ ನೈರುತ್ಯಕ್ಕೆ ಸರಿದು, ಮುಂದೆ ಕೆರ್ರಿಯಲ್ಲಿ ಓ'ಸಲಿವನ್ ಮೋರ್, ಬೇರಾದಲ್ಲಿ ಓ'ಸಲಿವನ್ ಬೇರ್ ಎಂಬ ಶಾಖೆಗಳಾದರು. ಫಲಕದ ಮೇಲಿದ್ದ ಸಿಂಹ, ಹಾವು, ಜಿಂಕೆ ಮೋರ್ ಶಾಖೆಯ ಲಾಂಛನ. ಬೇರಾದ್ದೇ ಬೇರೆ. ಅದಕ್ಕಿಂತ ದೊಡ್ಡ ವಿಷಯವೆಂದರೆ, ಲಾಂಛನ ಅಡ್ಡಹೆಸರಿಗೆ ಸೇರಿದ್ದಲ್ಲ, ಅದನ್ನು ಪಡೆದ ವ್ಯಕ್ತಿಗೆ ಮತ್ತು ಅವನ ವಂಶಕ್ಕೆ ಸೇರಿದ್ದು. 1552ರಿಂದ ಡಬ್ಲಿನ್ನಿನಲ್ಲಿದ್ದ ಲಾಂಛನಾಧಿಕಾರಿಯ ಕಚೇರಿ 1943ರಲ್ಲಿ ಐರಿಷ್ ಸರ್ಕಾರದ ಕೈಗೆ ಬಂತು. ಆಮೇಲಿನ ಮೊದಲ ಮುಖ್ಯಸ್ಥ ಎಡ್ವರ್ಡ್ ಮ್ಯಾಕ್‌ಲೈಸಾಟ್ ಒಂದು ನಡುದಾರಿ ತೋರಿಸಿದರು: ಕುಲದವರು ಕುಲಮುಖ್ಯನ ಲಾಂಛನವನ್ನು ಗೋಡೆಗೆ ಹಾಕಿಕೊಳ್ಳಬಹುದು, ತನ್ನ ಸ್ವಂತದ್ದೆಂದು ಹೇಳಿಕೊಳ್ಳುವ ಹಾಗಿಲ್ಲ. ನನಗೆ ಇದು ನ್ಯಾಯವಾದ ಮಾತೆನಿಸುತ್ತದೆ. ಗೇಣಿದಾರರ ಮನೆಗೆ ಸಿಂಹದ ಲಾಂಛನ ಯಾರೂ ಕೊಟ್ಟಿರಲಿಲ್ಲ.

ಬೇರಾದ ಮುಖ್ಯಸ್ಥ ಡೋನಲ್ ಕ್ಯಾಮ್‌ನ ಡನ್‌ಬಾಯ್ ಕೋಟೆ 1602ರಲ್ಲಿ ಇಂಗ್ಲಿಷರ ವಶವಾಯಿತು. ಆ ವರ್ಷದ ಕೊನೆಯ ದಿನ ಸುಮಾರು ಸಾವಿರ ಜನರೊಂದಿಗೆ ಅವನು ಗ್ಲೆಂಗಾರಿಫ್‌ನಿಂದ ಉತ್ತರಕ್ಕೆ ಹೊರಟ. ಶಾನನ್ ನದಿ ದಾಟಲು ಕುದುರೆಗಳನ್ನು ಕೊಂದು ಅವುಗಳ ಚರ್ಮದಿಂದ ದೋಣಿ ಹೊಲಿದರು. ಎರಡು ವಾರದ ಮೇಲೆ ಲೀಟ್ರಿಮ್ ತಲುಪಿದವರು 35 ಜನ. ಮಾವ ಇದನ್ನು ಶಾಲೆಯಲ್ಲಿ ಕಲಿತಂತೆ ಹೇಳಲಿಲ್ಲ, ಪಕ್ಕದ ಮನೆಯಲ್ಲಿ ನಡೆದಂತೆ ಹೇಳಿದರು.

ಬಡವರ ವಲಸೆಯ ಕಥೆ ತಾಮ್ರದ್ದು. ಅಲಿಹೀಸ್‌ನಲ್ಲಿ 1812ರಲ್ಲಿ ಶುರುವಾದ ತಾಮ್ರದ ಗಣಿಗಳು 1880ರ ದಶಕದಲ್ಲಿ ನಿಂತವು. ಕೆಲಸ ಕಲಿತ ಕೈಗಳು ಅಮೆರಿಕದ ಮೊಂಟಾನಾದ ಬ್ಯೂಟ್ ನಗರದ ತಾಮ್ರದ ಗಣಿಗಳಿಗೆ ಹೋದವು. ಮಾವನವರ ಅಜ್ಜನ ತಮ್ಮ 1890ರ ದಶಕದಲ್ಲಿ ಆಗ ಕ್ವೀನ್ಸ್‌ಟೌನ್ ಎನಿಸಿಕೊಂಡಿದ್ದ ಇಂದಿನ ಕೋವ್ ಬಂದರಿನಿಂದ ಹಡಗು ಹತ್ತಿದ. ಹಡಗಿನ ಪಟ್ಟಿಯಲ್ಲಿ ಅವನು ಸೇರಬೇಕಾದ ಸ್ಥಳದ ಅಂಕಣದಲ್ಲಿ ನ್ಯೂಯಾರ್ಕ್ ಇಲ್ಲ, ನೇರವಾಗಿ ‘ಬ್ಯೂಟ್’ ಎಂದಿದೆ. ಆ ನಗರದ ನಿವಾಸಿಗಳ ಹಳೆಯ ಡೈರೆಕ್ಟರಿ ತೆರೆದರೆ ಸಲಿವನ್‌ಗಳೇ ಪುಟಗಟ್ಟಲೆ. ಅವನು ಸತ್ತದ್ದು 38ನೆಯ ವಯಸ್ಸಿನಲ್ಲಿ, ಗಣಿಯ ದೂಳು ತಿಂದ ಶ್ವಾಸಕೋಶದಿಂದ.

1911ರ ನಮೂನೆಯಲ್ಲಿ ವಿವಾಹಿತ ಹೆಂಗಸರಿಗೆ ಮಕ್ಕಳ ಬಗ್ಗೆ ಎರಡು ಅಂಕಣಗಳಿವೆ: ಹುಟ್ಟಿದ ಮಕ್ಕಳು, ಬದುಕಿರುವ ಮಕ್ಕಳು. ಮಾವನವರ ಅಜ್ಜಿಯ ಸಾಲಿನಲ್ಲಿ 9, 7. ಬದುಕಿದ ಏಳೂ ಮಕ್ಕಳು ಆ ರಾತ್ರಿ ಮನೆಯಲ್ಲಿದ್ದರು. ತೀರಿಹೋದ ಇಬ್ಬರಲ್ಲಿ ಒಬ್ಬಳ ಜನನ, ಮರಣ ಎರಡೂ ಸಿಕ್ಕಿವೆ, ಹನ್ನೊಂದು ತಿಂಗಳ ಹುಡುಗಿ. ಇನ್ನೊಂದು ಮಗುವಿನ ಗುರುತು ಯಾವ ಪುಸ್ತಕದಲ್ಲಿಯೂ ಸಿಕ್ಕಿಲ್ಲ. ವಂಶವೃಕ್ಷದ ದೊಡ್ಡ ಹಾಳೆಯಲ್ಲಿ ಏಳು ಜನರ ಪಕ್ಕ ಅವಳ ಹೆಸರು ಬರೆದು, ಒಂದು ಚೌಕ ಖಾಲಿ ಬಿಟ್ಟೆ. ಮಾವ ಪೆನ್ಸಿಲ್ ತೆಗೆದುಕೊಂಡು ಆ ಚೌಕದೊಳಗೆ ‘ರುವಾ’ ಎಂದು ಬರೆದರು.