ಹಳೆ ಯೆಜ್ಡಿ ಕೊಳ್ಳುವ ಮುಂಚೆ ಸಿಲಿಂಡರ್ ಮೇಲೆ ಕೈ ಇಟ್ಟು ನೋಡಿ

ಹಳೆ ಯೆಜ್ಡಿ ಬೈಕ್ ನೋಡಲು ಹೋದಾಗ ಮೊದಲು ಮಾಡಬೇಕಾದ್ದು ಕಿಕ್ ಹೊಡೆಯುವುದಲ್ಲ, ಎಂಜಿನ್ನಿನ ಸಿಲಿಂಡರ್ ಮೇಲೆ ಕೈ ಇಡುವುದು. ಬಿಸಿ ಇದ್ದರೆ ನೀವು ಬರುವ ಮುಂಚೆಯೇ ಮಾರುವವರು ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ ಅರ್ಥ. ನನಗೆ ಮೊದಲ ಗಾಡಿ ಹಾಗೇ ಸಿಕ್ಕಿತು. ಅವರ ಮನೆ ಮುಂದೆ ಒಂದೇ ಕಿಕ್ಕಿಗೆ ಎದ್ದಿತು. ಮರುದಿನ ನಮ್ಮ ಮನೆ ಮುಂದೆ ನಲವತ್ತು ಕಿಕ್ ಹೊಡೆದರೂ ಒಂದು ಸಲ ಕೆಮ್ಮಲೂ ಇಲ್ಲ. ಬಿಸಿ ಇದ್ದರೆ ಸುಮ್ನೆ ಕಾಫಿ ಕುಡಿದು, ಎರಡು ಗಂಟೆ ಬಿಟ್ಟು ಬನ್ನಿ.

ನಾನು ಹೇಳುತ್ತಿರುವುದು ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಗಾಡಿಗಳ ವಿಷಯ. 1929ರಲ್ಲಿ ಪ್ರಾಗ್‌ನ ಫ್ರಾಂಟಿಶೆಕ್ ಯಾನೆಚೆಕ್ ಜರ್ಮನಿಯ ವಾಂಡರರ್ ಕಂಪನಿಯಿಂದ ಬೈಕ್ ಮಾಡುವ ಹಕ್ಕು ಕೊಂಡು, ಎರಡೂ ಹೆಸರಿನ (Janeček, Wanderer) ಮೊದಲ ಎರಡು ಅಕ್ಷರ ಸೇರಿಸಿ ಜಾವಾ ಅಂತ ಹೆಸರಿಟ್ಟರು. ಆ ಜಾವಾ ಗಾಡಿಗಳನ್ನು 60ರ ದಶಕದ ಶುರುವಿನಲ್ಲಿ ರುಸ್ತುಂ ಇರಾನಿ ಮತ್ತು ಫರ್ರೋಖ್ ಇರಾನಿ ಐಡಿಯಲ್ ಜಾವಾ ಅಂತ ಮೈಸೂರಿಗೆ ತಂದರು. 70ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಅಂದರೆ ಎಷ್ಟೇ ಹೊಸದು ಸಿಕ್ಕರೂ ಅದಕ್ಕೆ ಹೆಚ್ಚುಕಮ್ಮಿ ಮೂವತ್ತು ವರ್ಷ ಆಗಿರುತ್ತದೆ. 2018ರ ನಂತರ ಬಂದ ಹೊಸ ಜಾವಾ, ಯೆಜ್ಡಿಗಳು ಫೋರ್ ಸ್ಟ್ರೋಕ್, ಹಳೆಯವು ಟು ಸ್ಟ್ರೋಕ್; ಹೊಸವುಗಳ ಲೆಕ್ಕವೇ ಬೇರೆ.

ಸಿಲಿಂಡರ್ ತಣ್ಣಗಿದ್ದರೆ ಮುಂದೆ ಕಾಗದ. ಆರ್‌ಸಿ ಕೈಯಲ್ಲಿ ಹಿಡಿದು ಎಂಜಿನ್ ನಂಬರ್, ಚಾಸಿ ನಂಬರ್ ನೀವೇ ಓದಿ. ಪೇಂಟ್ ದಪ್ಪ ಕೂತಿದ್ದರೆ ಸ್ವಲ್ಪ ಉಜ್ಜಿ, ತೆಳು ಕಾಗದ ಇಟ್ಟು ಪೆನ್ಸಿಲ್ ಪ್ರಿಂಟ್ ತೆಗೆದುಕೊಳ್ಳಿ. ಎಂಜಿನ್ ಒಂದು ಗಾಡಿಯದು, ಫ್ರೇಮ್ ಇನ್ನೊಂದರದು, ಹೀಗೆ ಕೂಡಿಸಿದ ಗಾಡಿಗಳು ಜಾಸ್ತಿ. ಆರ್‌ಸಿ ರಿನ್ಯೂವಲ್ ಆಗಿದೆಯಾ, ಅವಧಿ ಎಲ್ಲಿಯವರೆಗೆ ಇದೆ ನೋಡಿ. ಹದಿನೈದು ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೆ ಮಾಡಿಸಬೇಕು. "ಆಮೇಲೆ ಮಾಡಿಸಿಕೊಡ್ತೀನಿ ಸಾರ್" ಅಂದರೆ ಕೈಮುಗಿದು ವಾಪಸ್ ಬನ್ನಿ.

ಈಗ ಕಿಕ್. ಬೇರೆ ಲಿವರ್ ಹುಡುಕಬೇಡಿ, ಎಡಗಡೆಯ ಗೇರ್ ಲಿವರ್ರೇ ಕಿಕ್ಕರ್. ಅದನ್ನು ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ ಹೊಡೆಯಬೇಕು, ಎದ್ದ ಮೇಲೆ ಮತ್ತೆ ಗೇರಿನ ಜಾಗಕ್ಕೆ ಮಡಚಬೇಕು. ಅಲ್ಲಿ ಸಡಿಲ ಇದ್ದರೆ, ಜಾರಿದರೆ ಖರ್ಚಿದೆ ಅಂತ ಬರೆದಿಟ್ಟುಕೊಳ್ಳಿ.

ಸ್ಟಾರ್ಟ್ ಆದಾಗ ಹೊಗೆ ಬರುತ್ತದೆ. ಟು ಸ್ಟ್ರೋಕ್ ಅಲ್ವಾ, ಪೆಟ್ರೋಲ್ ಜೊತೆ ಆಯಿಲ್ಲೂ ಉರಿಯುತ್ತದೆ, ಅದಕ್ಕೆ ಹೆದರಬೇಡಿ. ಆದರೆ ಎಂಜಿನ್ ಚೆನ್ನಾಗಿ ಕಾದ ಮೇಲೂ ಬಿಳಿ ಹೊಗೆ ಬೀದಿ ತುಂಬಾ ಬರುತ್ತಲೇ ಇದ್ದರೆ, ಗೇರ್ ಆಯಿಲ್ ಪದೇ ಪದೇ ಕಮ್ಮಿ ಆಗುತ್ತದೆ ಅಂತ ಅವರೇ ಬಾಯಿಬಿಟ್ಟರೆ, ಕ್ರ್ಯಾಂಕಿನ (ಎಂಜಿನ್ನಿನೊಳಗೆ ತಿರುಗುವ ದಂಡದ) ಆಯಿಲ್ ತಡೆಯುವ ಸೀಲ್ ಹೋಗಿ ಗೇರ್ ಬಾಕ್ಸಿನ ಆಯಿಲನ್ನು ಎಂಜಿನ್ ಎಳೆದುಕೊಳ್ಳುತ್ತಿದೆ ಅಂತ ಲೆಕ್ಕ. ಸೀಲಿಗೆ ದುಡ್ಡು ಜಾಸ್ತಿ ಇಲ್ಲ, ಬಿಚ್ಚಿ ಜೋಡಿಸುವ ಕೂಲಿಯೇ ಹೆಚ್ಚು. ಕೆಳಗಿನಿಂದ ಟಕ್ ಟಕ್ ಅಂತ ಭಾರದ ಸದ್ದು ಬಂದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿರಬಹುದು. "ಎಷ್ಟನೇ ಬೋರ್ ಆಗಿದೆ?" ಅಂತ ಕೇಳಲೇಬೇಕು. ಬೋರ್ ಅಂದರೆ ಸವೆದ ಸಿಲಿಂಡರ್ ಕೊರೆಸಿ ದೊಡ್ಡ ಪಿಸ್ಟನ್ ಹಾಕುವುದು, ಕೆಲವು ಸಲ ಮಾತ್ರ ಮಾಡಲು ಆಗುತ್ತದೆ. ಉತ್ತರ ಕೊಡಲು ತಡವರಿಸಿದರೆ ಕೊನೆ ಬೋರೇ ಅಂದುಕೊಂಡು ಚೌಕಾಸಿ ಮಾಡಿ.

ಓಡಿಸುವಾಗ ಒಂದು ಮಜಾ ಇದೆ. ಹ್ಯಾಂಡಲ್ಲಿನ ಕ್ಲಚ್ ಮುಟ್ಟದೆ ಗೇರ್ ಲಿವರ್ ಮಾತ್ರ ಮೆಲ್ಲಗೆ ಒತ್ತಿ, ಅಷ್ಟಕ್ಕೇ ಕ್ಲಚ್ ತಾನೇ ಬಿಟ್ಟುಕೊಂಡು ಗೇರ್ ಬೀಳಬೇಕು. ಗಾಡಿ ಜೋರಾಗಿ ಎಳೆದಾಡಿದರೆ ಅಡ್ಜಸ್ಟ್‌ಮೆಂಟ್ ತಪ್ಪಿದೆ ಅಂತ, ಅದೊಂದಕ್ಕೇ ಗಾಡಿ ಬಿಡಬೇಡಿ.

ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ತುಕ್ಕು ನೋಡಿ. ಮೇಲಿನ ಕ್ರೋಮ್ ಹೊಳಪಿಗೆ ಮರುಳಾಗಬೇಡಿ, ಅದನ್ನು ಹೋದ ವಾರವಷ್ಟೇ ಮಾಡಿಸಿರಬಹುದು.

ಮನೆಗೆ ತಂದ ಮೇಲೆ ಇನ್ನೊಂದು ವಿಷಯ. ಚಾಮುಂಡಿ ಬೆಟ್ಟ ಇಳಿಯುವಾಗ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಬರಬೇಡಿ, ಆಯಿಲ್ ಪೆಟ್ರೋಲಿನಲ್ಲೇ ಬೆರೆತಿರುವುದರಿಂದ ಪೆಟ್ರೋಲ್ ಕಮ್ಮಿ ಆದರೆ ಪಿಸ್ಟನ್‌ಗೆ ಆಯಿಲ್ಲೂ ಕಮ್ಮಿ ಆಗುತ್ತದೆ. ಆಗಾಗ ಸ್ವಲ್ಪ ತಿರುಗಿಸುತ್ತಾ ಇಳಿಯಿರಿ.