ನಾಗಬನದ ಬುಡದ ನೆರಳು ಮತ್ತು ನಮ್ಮ ಬಾವಲಿಗಳು

ಏಪ್ರಿಲ್ ಬಂದರೆ ಬೆಳಿಗ್ಗೆ ನಾಗಬನದ, ಅಂದರೆ ನಾಗದೇವರಿಗೆಂದು ಬಿಟ್ಟ ಮರಗಳ ತೋಪಿನ, ಅಂಚಿಗೆ ಹೋಗಿ ಗೇರುಬೀಜ ಹೆಕ್ಕುವುದು ನನ್ನ ಅಭ್ಯಾಸ. ಬಾವಲಿಗಳು ರಾತ್ರಿ ಗುಡ್ಡೆಯಿಂದ ಗೇರುಹಣ್ಣು ಕಚ್ಚಿಕೊಂಡು ಬಂದು, ರಸ ಹೀರಿ, ಬೀಜವನ್ನು ಮರದಡಿ ಉದುರಿಸಿರುತ್ತವೆ. 2017ರಲ್ಲಿ ಒಂದು ದಿನ ಬೆಳಿಗ್ಗೆ ಪುರುಸೊತ್ತಾಗದೆ ಮಧ್ಯಾಹ್ನ ಎರಡು ಗಂಟೆಗೆ ಹೋದೆ. ತಲೆ ಎತ್ತಿ ನೋಡಿದರೆ ಇಡೀ ಗೋಳಿಮರವೇ ಬೀಸಣಿಗೆ ಹಿಡಿದು ಗಾಳಿ ಹಾಕಿಕೊಳ್ಳುತ್ತಿದ್ದ ಹಾಗೆ ಕಂಡಿತು. ನೂರಾರು ಬಾವಲಿಗಳು ಒಂದೊಂದು ರೆಕ್ಕೆ ಬಿಚ್ಚಿ ಬೀಸಿಕೊಳ್ಳುತ್ತಿದ್ದವು. ಕೆಲವು ತಮ್ಮ ಎದೆ, ರೆಕ್ಕೆಗಳನ್ನು ನೆಕ್ಕಿ ಒದ್ದೆ ಮಾಡಿಕೊಳ್ಳುತ್ತಿದ್ದವು. ಬುಡದಲ್ಲಿ ಒಂದು ಮರಿ ಸತ್ತು ಬಿದ್ದಿತ್ತು. ಅಂದು ಬೀಜ ಹೆಕ್ಕಲು ಮನಸ್ಸು ಬರಲಿಲ್ಲ.

ನಮ್ಮ ಮನೆ ಬ್ರಹ್ಮಾವರದಿಂದ ಒಳಗೆ, ಸೀತಾನದಿಯ ಬದಿಯಲ್ಲಿ. ಅಡಿಕೆ, ತೆಂಗು, ಸ್ವಲ್ಪ ಗೇರುಗುಡ್ಡೆ. ಕುಟುಂಬದ ನಾಗಬನದಲ್ಲಿ ಎರಡು ದೊಡ್ಡ ಗೋಳಿ, ಒಂದು ಪಾಲೆಮರ. ಇವುಗಳಲ್ಲಿ ಇರುವವು ದೊಡ್ಡ ಹಣ್ಣುಬಾಕ ಬಾವಲಿಗಳು, ರೆಕ್ಕೆ ಬಿಚ್ಚಿದರೆ ನಾಲ್ಕು ಅಡಿ ಮೀರುವಂಥವು. ಮಾವನ ಬಾಲ್ಯದಲ್ಲೂ ಇದ್ದವಂತೆ. ಎಲ್ಲರೂ ನೋಡಿದವರೇ, ಲೆಕ್ಕ ಇಟ್ಟವರು ಯಾರೂ ಇರಲಿಲ್ಲ. ನಾನು ಶುರು ಮಾಡಿದ್ದು ಆ ಸತ್ತ ಮರಿಯ ನಂತರ.

ಲೆಕ್ಕ ಮಾಡುವುದು ಸುಲಭ ಅಂದುಕೊಂಡಿದ್ದೆ. ಹಗಲು ಮರದಡಿ ನಿಂತು ಎಣಿಸಿದರೆ ಎಲೆಯ ಮರೆಯಲ್ಲಿ ಇರುವವು ಬಿಟ್ಟುಹೋಗುತ್ತವೆ, ಒಂದಕ್ಕೊಂದು ಅಂಟಿಕೊಂಡವು ಒಂದೇ ಎಂದು ಕಾಣುತ್ತವೆ. ಸಂಜೆ ಹಾರಿ ಹೊರಡುವಾಗ ಎಣಿಸಿದರೆ ಸರಿಯಾದೀತು ಎಂದು ನಿಂತರೆ, ಮರದ ಸುತ್ತ ಎರಡು ಸುತ್ತು ಹಾಕಿ ಹೋಗುವವನ್ನು ಮೂರು ಸಲ ಎಣಿಸಿದೆ. ತಿಂಗಳುಗಟ್ಟಲೆ ತಪ್ಪಿದ ಮೇಲೆ ಒಂದು ಕ್ರಮ ಸಿಕ್ಕಿತು. ಬನದ ಪೂರ್ವಕ್ಕೆ, ಪಡುವಣದ ಆಕಾಶ ಎದುರಿಗೆ ಬರುವಂತೆ ನಿಲ್ಲಬೇಕು. ಗದ್ದೆಯಾಚೆಯ ಎರಡು ತೆಂಗಿನಮರಗಳ ನಡುವಿನ ಜಾಗವನ್ನು ಬಾಗಿಲು ಅಂದುಕೊಳ್ಳಬೇಕು. ಆ ಬಾಗಿಲು ದಾಟಿದ್ದು ಮಾತ್ರ ಲೆಕ್ಕ, ತಿರುಗಿ ಬಂದರೆ ಒಂದು ಕಳೆಯಬೇಕು. ಜಪದ ಲೆಕ್ಕಕ್ಕೆ ಬೆರಳಿಗೆ ಹಾಕಿಕೊಳ್ಳುತ್ತಾರಲ್ಲ, ಆ ಸಣ್ಣ ಕೌಂಟರ್ ಸಾಕು. ಒಂದು ಗುಂಡಿ ಒತ್ತಿದರೆ ಹತ್ತು ಬಾವಲಿ. ಏಪ್ರಿಲ್‌ನಲ್ಲಿ ನಮ್ಮಲ್ಲಿ ಅವು ಹೊರಡುವುದು ಏಳು ಗಂಟೆ ಕಳೆದು. ಅರ್ಧ ಗಂಟೆಯಲ್ಲಿ ಮರ ಖಾಲಿ. ಒಂದು ದಿನದ ಲೆಕ್ಕವನ್ನು ನಾನು ನಂಬುವುದಿಲ್ಲ. ಮೂರು ಸಂಜೆ ಎಣಿಸಿ ನಡುವಿನ ಸಂಖ್ಯೆಯನ್ನು ಬರೆದಿಡುತ್ತೇನೆ. ಒಂದು ವರ್ಷದ ಏಪ್ರಿಲನ್ನು ಇನ್ನೊಂದು ವರ್ಷದ ಏಪ್ರಿಲ್ ಜೊತೆಗೇ ಹೋಲಿಸಬೇಕು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅರ್ಧದಷ್ಟು ಬೇರೆ ಕಡೆ ಹೋಗಿರುತ್ತವೆ, ಅದನ್ನು ನೋಡಿ ಗಾಬರಿಯಾಗುವುದು ಬೇಡ. ಮೊದಲ ಎರಡು ವರ್ಷ ಏಪ್ರಿಲ್‌ನಲ್ಲಿ ನನಗೆ ಸಿಕ್ಕಿದ್ದು ನಾನೂರರ ಆಸುಪಾಸು.

ಜೊತೆಗೆ ಎರಡು ಉಷ್ಣಮಾಪಕ ತಂದೆ, ತೇವಾಂಶವನ್ನೂ ತೋರಿಸುವ ಅಗ್ಗದವು. ಒಂದು ಅಂಗಳದ ಮಾಡಿನ ಕೆಳಗೆ, ಇನ್ನೊಂದು ಬನದ ಒಳಗೆ ಮರದ ಬುಡದ ಹತ್ತಿರ. ಅಲ್ಲಿ ಮಾವನಿಗೆ ಮಾತ್ರ ಪ್ರವೇಶ, ಅದೂ ಮಿಂದು ಮಡಿಯಲ್ಲಿ. ಆದ್ದರಿಂದ ಓದಿ ಹೇಳುವ ಕೆಲಸ ಅವರದ್ದಾಯಿತು. ಅಂಗಳದಲ್ಲಿ 37 ತೋರಿಸುವ ಮಧ್ಯಾಹ್ನ ಬನದ ಒಳಗೆ 33 ಇರುತ್ತಿತ್ತು. ಈ ನಾಲ್ಕು ಡಿಗ್ರಿಗೆ ಎಷ್ಟು ಬೆಲೆ ಎಂದು ಆಗ ನನಗೆ ಅರ್ಥವಾಗಿರಲಿಲ್ಲ.

ಬಾವಲಿಗಳಿಗೆ ನಮ್ಮಂತೆ ಬೆವರುವುದಿಲ್ಲ. ರೆಕ್ಕೆ ಬೀಸುವುದು, ನೆರಳಿಗೆ ಸರಿಯುವುದು, ಏದುಸಿರು ಬಿಡುವುದು, ಎಂಜಲು ಹಚ್ಚಿಕೊಳ್ಳುವುದು, ಇಷ್ಟೇ ಉಪಾಯ. ಬಿಸಿ ಏರಿದಂತೆ ಇದೇ ಕ್ರಮದಲ್ಲಿ ಒಂದೊಂದನ್ನು ಬಳಸುತ್ತವೆ. ಕೊನೆಗೆ ಗೆಲ್ಲು ಬಿಟ್ಟು ಕಾಂಡ ಹಿಡಿದು ಕೆಳಕ್ಕೆ, ಬುಡದ ಪೊದೆಯ ತಂಪಿಗೆ ಇಳಿಯುತ್ತವೆ. ಆಸ್ಟ್ರೇಲಿಯಾದಲ್ಲಿ ವಿಜ್ಞಾನಿ ಜಸ್ಟಿನ್ ವೆಲ್‌ಬರ್ಗೆನ್ ಮತ್ತು ಜೊತೆಗಾರರು ಇದನ್ನು ಬರೆದಿಟ್ಟಿದ್ದಾರೆ. 2002ರ ಜನವರಿ 12ರಂದು ಅಲ್ಲಿನ ನ್ಯೂ ಸೌತ್ ವೇಲ್ಸ್‌ನಲ್ಲಿ ತಾಪ 42 ಡಿಗ್ರಿ ದಾಟಿದಾಗ ಒಂಬತ್ತು ನೆಲೆಗಳಲ್ಲಿ 3500ಕ್ಕೂ ಹೆಚ್ಚು ಬಾವಲಿಗಳು ಸತ್ತವು. 2018ರ ನವೆಂಬರ್‌ನಲ್ಲಿ ಅದೇ ದೇಶದ ಕೇರ್ನ್ಸ್ ಕಡೆ ಸುಮಾರು 23 ಸಾವಿರ. ನಮ್ಮ ದೇಶದಲ್ಲೂ 2020ರ ಮೇ ತಿಂಗಳಲ್ಲಿ ಗೋರಖಪುರದ ಹತ್ತಿರ ನೂರಾರು ಬಾವಲಿಗಳು ಮರದಡಿ ಸತ್ತುಬಿದ್ದಿದ್ದವು.

ಕರಾವಳಿಯಲ್ಲಿ 42 ಎಲ್ಲಿ ಬರುತ್ತದೆ ಎಂದು ಕೇಳಬಹುದು. ಹವಾಮಾನ ಇಲಾಖೆ ಕರಾವಳಿಗೆ ಬಿಸಿಗಾಳಿ ಎಂದು ಹೇಳುವ ಗಡಿಯೇ 37 ಡಿಗ್ರಿ, ಅದೂ ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿದ್ದರೆ. ಆದರೆ ನಮ್ಮ ಸೆಕೆ ಬೇರೆ. ಗಾಳಿಯಲ್ಲಿ ನೀರಿನಂಶ ತುಂಬಿರುವಾಗ ಹಚ್ಚಿಕೊಂಡ ಎಂಜಲು ಬೇಗ ಆರುವುದಿಲ್ಲ, ಆರದಿದ್ದರೆ ಮೈ ತಣಿಯುವುದಿಲ್ಲ. ಹಪ್ಪಳ ಒಣಗಿಸಿದ ಯಾವ ಹೆಂಗಸಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಲದ್ದಕ್ಕೆ ದೊಡ್ಡ ಬಾವಲಿಗಳು ವರ್ಷಕ್ಕೆ ಹೆರುವುದು ಒಂದೇ ಮರಿ. ನಮ್ಮ ಬನದಲ್ಲಿ ಮರಿಗಳು ಎದೆಗೆ ಅಂಟಿಕೊಂಡಿರುವುದು ಸುಗ್ಗಿ, ಪಗ್ಗು ತಿಂಗಳ (ಮಾರ್ಚ್‌ನಿಂದ ಮೇ) ಆ ಸೆಕೆಯಲ್ಲೇ. ತಾಯಿಗೆ ತನ್ನ ಬಿಸಿಯ ಜೊತೆ ಮರಿಯ ಬಿಸಿಯೂ.

2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ಬಾವಲಿಗಳಿಂದ ಹರಡುವ ನಿಪಾ ಜ್ವರ ಬಂದಾಗ ಊರಿಡೀ ಹೆದರಿತು. ಗರ್ನಾಲ್ (ದೊಡ್ಡ ಸದ್ದಿನ ಪಟಾಕಿ) ಹೊಡೆದು ಬಾವಲಿಗಳನ್ನು ಓಡಿಸುವ ಮಾತು ಬಂತು. ನಾನು ಮನೆಮನೆಗೆ ಹೋಗಿ ಹೇಳಿದ್ದು ಇಷ್ಟೇ: ಬಾವಲಿ ಕಚ್ಚಿದ ಹಣ್ಣು ತಿನ್ನಬೇಡಿ, ಬಿದ್ದ ಹಣ್ಣನ್ನು ಮಕ್ಕಳಿಗೆ ಕೊಡಬೇಡಿ, ಸತ್ತ ಬಾವಲಿಯನ್ನು ಕೈಯಲ್ಲಿ ಮುಟ್ಟಬೇಡಿ, ಕಳ್ಳಿನ ಮಡಕೆಗೆ ಮುಚ್ಚಳ ಹಾಕಿ. ಓಡಿಸಿದರೆ ನೂರು ಕಡೆ ಚದುರಿ, ಹೆದರಿ, ಹಸಿದು ಇನ್ನಷ್ಟು ಮನೆಗಳ ಹತ್ತಿರ ಬರುತ್ತವೆ. ಇದ್ದಲ್ಲೇ ಇರಲು ಬಿಟ್ಟರೆ ನಮಗೂ ಕ್ಷೇಮ. ಹೆಚ್ಚಿನವರು ಒಪ್ಪಿದರು. ಆ ಭಯ ನಿಜವಾದದ್ದು, ಅದನ್ನು ನಾನು ಹಗುರ ಮಾಡುವುದಿಲ್ಲ. ಗೇರುಬೀಜವನ್ನೂ ಅಂದಿನಿಂದ ಕೈಗವಸು ಹಾಕಿಯೇ ಹೆಕ್ಕುತ್ತೇನೆ.

ನಿಜವಾದ ಪೆಟ್ಟು ಬಿದ್ದದ್ದು 2019ರಲ್ಲಿ, ನಾಗಬನದ ಜೀರ್ಣೋದ್ಧಾರದಿಂದ. ಜ್ಯೋತಿಷಿಗಳಲ್ಲಿ ಪ್ರಶ್ನೆ ಇಟ್ಟು, ಕುಟುಂಬದವರು ಹಣ ಒಟ್ಟು ಮಾಡಿ, ಕಲ್ಲುಗಳಿಗೆ ಚೆಂದದ ಕಟ್ಟೆ ಕಟ್ಟಿಸಿದರು. ಅದು ಆಗಬೇಕಾದ ಕೆಲಸವೇ. ಆದರೆ ಜೊತೆಗೆ ಬುಡದ ಪೊದೆ, ಬೆತ್ತದ ಹಿಂಡಲು, ಬಳ್ಳಿ, ಸಣ್ಣ ರೆಂಜೆಗಿಡಗಳನ್ನೆಲ್ಲ ಸವರಿ, ನೆಲಕ್ಕೆ ಪೂರ್ತಿ ಇಂಟರ್‌ಲಾಕ್ ಕಲ್ಲು ಹಾಸಿದರು. ದೊಡ್ಡ ಮರಗಳನ್ನು ಮುಟ್ಟಲಿಲ್ಲ. ಮರ ಉಳಿಯಿತಲ್ಲ ಎಂದು ನಾನೂ ಸಮಾಧಾನ ಮಾಡಿಕೊಂಡೆ. ಆ ಸಮಾಧಾನ ತಪ್ಪು ಎಂದು ಮರುವರ್ಷ ಗೊತ್ತಾಯಿತು.

2020ರ ಏಪ್ರಿಲ್‌ನಲ್ಲಿ ಅಂಗಳದಲ್ಲಿ 37 ಇದ್ದ ದಿನ ಮಾವ ಬನದಿಂದ ಬಂದು 36 ಎಂದರು. ನಾನು ಮತ್ತೊಮ್ಮೆ ನೋಡಿ ಬನ್ನಿ ಎಂದೆ. ಮತ್ತೆಯೂ 36. ಕಲ್ಲು ಕಾದು ಕೆಳಗಿನಿಂದಲೂ ಬಿಸಿ ಏಳುತ್ತಿತ್ತು. ಆ ಮಧ್ಯಾಹ್ನ ಬಾವಲಿಗಳು ಕಾಂಡ ಹಿಡಿದು ಅರ್ಧದವರೆಗೆ ಇಳಿದು, ಅಲ್ಲಿಂದ ಮತ್ತೆ ಮೇಲಕ್ಕೆ ಹತ್ತುವುದನ್ನು ನೋಡಿದೆ. ಇಳಿಯಲು ತಂಪು ಇರಲಿಲ್ಲ. ಕೆಲವು ಹಗಲಿನಲ್ಲೇ ಹೊಳೆಗೆ ಹಾರಿ, ನೀರಿಗೆ ಹೊಟ್ಟೆ ಸವರಿ, ಬಂದು ಅದನ್ನು ನೆಕ್ಕಿದವು. ತಡೆಯಲಾಗದೆ ನಾನು ಅಡಿಕೆಗೆ ಮದ್ದು ಬಿಡುವ ಪಂಪಿಗೆ ಬರೀ ನೀರು ತುಂಬಿಸಿ ಮರಕ್ಕೆ ಚಿಮ್ಮಿಸಿದೆ. ಅದು ನಾನು ಮಾಡಿದ ದೊಡ್ಡ ತಪ್ಪು. ಸದ್ದಿಗೆ ಇಡೀ ಹಿಂಡು ಬಿಸಿಲಿಗೆ ಎದ್ದಿತು. ಸೆಕೆಯಲ್ಲಿ ಹಾರುವುದೆಂದರೆ ಅವುಗಳಿಗೆ ಬೆಂಕಿಗೆ ತುಪ್ಪ ಹೊಯ್ದ ಹಾಗೆ. ಮರುದಿನ ಬೆಳಿಗ್ಗೆ ಆರು ಸತ್ತು ಬಿದ್ದಿದ್ದವು, ಅವುಗಳಲ್ಲಿ ನಾಲ್ಕು ಮರಿ. ಸೆಕೆಯ ಮಧ್ಯಾಹ್ನ ಬಾವಲಿಯ ಮರದ ಹತ್ತಿರ ಯಾರೂ ಹೋಗಬೇಡಿ, ಸಹಾಯಕ್ಕೂ ಹೋಗಬೇಡಿ ಎಂದು ನಾನು ಹೇಳುವುದು ಈ ಕಾರಣಕ್ಕೆ. ಆ ಏಪ್ರಿಲ್‌ನಲ್ಲಿ ಸಂಜೆಯ ಲೆಕ್ಕ ಇನ್ನೂರೈವತ್ತಕ್ಕೆ ಇಳಿಯಿತು.

ಲೆಕ್ಕದ ಪುಸ್ತಕ ಕೆಲಸಕ್ಕೆ ಬಂದದ್ದು ಆಗ. ಕುಟುಂಬದ ಸಭೆಯಲ್ಲಿ ಬಾವಲಿ ಪಾಪ ಎಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. 33 ಇದ್ದದ್ದು 36 ಆಗಿದೆ ಎಂದು ಮಾವ ತಾವೇ ಓದಿದ್ದನ್ನು ಹೇಳಿದರು. ಕುಟುಂಬದ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮಗೆ ಸೆಕೆ ಆದರೆ ಫ್ಯಾನ್ ಹಾಕುತ್ತೇವೆ. ನಾಗನಿಗೂ ತಂಪು ಬೇಕಲ್ಲ ಮಾರಾಯ್ರೆ, ಅದಕ್ಕೇ ಅಲ್ವಾ ಹಿರಿಯರು ಬನ ಅಂತ ಬಿಟ್ಟದ್ದು?" ಎಂದರು. ನಾನು ಹುಡುಕುತ್ತಿದ್ದ ಮಾತು ಅವರ ಬಾಯಲ್ಲಿ ಬಂತು. ತಂತ್ರಿಗಳನ್ನು ಕೇಳಿ, ನಡೆಯಲು ಬೇಕಾದಷ್ಟು ಬಿಟ್ಟು ಉಳಿದ ಇಂಟರ್‌ಲಾಕನ್ನು 2021ರ ಮಳೆಗೆ ಮೊದಲು ಎಬ್ಬಿಸಿದೆವು.

ನೆಟ್ಟದ್ದು ರೆಂಜೆ, ಸುರಹೊನ್ನೆ, ನಾಗಸಂಪಿಗೆ. ಪಡುವಣ ಬದಿಗೆ ದಟ್ಟವಾಗಿ ನೆಟ್ಟೆವು, ಮಧ್ಯಾಹ್ನದ ಬಿಸಿಲು ಅಲ್ಲಿಂದ ಓರೆಯಾಗಿ ನುಗ್ಗುವುದು ಎಂದು. ಹೊನ್ನೆಯನ್ನು ನಾವು ನೆಡಬೇಕಾಗಲಿಲ್ಲ. ಬಾವಲಿಗಳು ಉದುರಿಸಿದ ಹೊನ್ನೆಕಾಯಿಗಳು ಮಣ್ಣು ಸಿಕ್ಕಿದ ಮೊದಲ ಮಳೆಗೇ ಮೊಳೆತವು. ಬೆತ್ತ ತಾನಾಗಿ ಚಿಗುರಿತು. ಎರಡು ವರ್ಷ ಏನೂ ಸವರಬಾರದು ಎಂಬುದು ಒಂದೇ ಕಟ್ಟಳೆ. ಗಿಡ ನೆಡುವುದಕ್ಕಿಂತ ಕತ್ತಿ ತಡೆಯುವುದು ಕಷ್ಟದ ಕೆಲಸವಾಗಿತ್ತು.

2023ರಲ್ಲಿ ಮುಂಗಾರು ಕೇರಳ ಮುಟ್ಟಿದ್ದೇ ಜೂನ್ 8ಕ್ಕೆ. ಸೆಕೆ ಮುಗಿಯುವ ಲಕ್ಷಣವೇ ಇರಲಿಲ್ಲ. ನಾನು ದಿನಾ ಹೆದರಿಕೊಂಡು ಕಾದೆ. ಅಂಗಳದಲ್ಲಿ 37 ಇದ್ದ ದಿನ ಬನದಲ್ಲಿ 34 ಬಂತು. ಹಳೆಯ 33ಕ್ಕೆ ಇನ್ನೂ ಬಂದಿರಲಿಲ್ಲ, ಆದರೂ ಆ ಮಧ್ಯಾಹ್ನ ಬಾವಲಿಗಳು ಕಾಂಡದ ಬುಡದವರೆಗೆ ಇಳಿದು, ಸೊಂಟದೆತ್ತರದ ರೆಂಜೆಯ ಹಸಿರಿನ ಮಟ್ಟಕ್ಕೆ ಬಂದು ನಿಂತವು. ಆ ವರ್ಷ ಬುಡದಲ್ಲಿ ಸಿಕ್ಕಿದ್ದು ಒಂದು ಮರಿ. ಸಂಜೆಯ ಲೆಕ್ಕ ಮುನ್ನೂರು ದಾಟಿತು. ಬೇರೆ ಕಡೆಯ ಮರ ಕಡಿದು ಅಲ್ಲಿನವು ಇಲ್ಲಿಗೆ ಬಂದಿರಲೂಬಹುದು. ಒಂದೇ ರಾತ್ರಿ ಹತ್ತಾರು ಕಿಲೋಮೀಟರ್ ಹೋಗುವ ಪ್ರಾಣಿ ಅದು. ಆದ್ದರಿಂದ ಸಂಖ್ಯೆ ಏರಿದ್ದಕ್ಕಿಂತ ಅವು ಬುಡಕ್ಕೆ ಇಳಿದದ್ದೇ ನನಗೆ ಹೆಚ್ಚು ಖುಷಿ ಕೊಟ್ಟಿತು.

ಹಂಚಿನ ಮಾಡಿನ ಸಂದಿಯಲ್ಲಿ ಇರುತ್ತಿದ್ದ ಕಣ್ಕಪ್ಪಡಿಗಳ, ಅಂದರೆ ಸಣ್ಣ ಜಾತಿಯ ಬಾವಲಿಗಳ, ವಿಷಯದಲ್ಲಿ ನಾನು ಸೋತಿದ್ದೇನೆ. ಸೊಳ್ಳೆ, ಹುಳು ತಿಂದು ಬದುಕುವ ಅವುಗಳಿಗೆ ನಮ್ಮ ಕಡೆಯ ಹಳೆಯ ಮನೆಗಳೇ ಗುಹೆ. ಒಂದೊಂದು ಮನೆ ಟೆರೇಸ್ ಆದಂತೆ ಅವುಗಳ ಮನೆ ಹೋಯಿತು. ನಾನು ಹಲಗೆಯ ಗೂಡು ಮಾಡಿ ಗೋಡೆಗೆ ಹೊಡೆದೆ. ಪಡುವಣ ಗೋಡೆಯದ್ದು ಒಲೆಯಂತೆ ಕಾಯುತ್ತಿತ್ತು. ಮೂಡಣಕ್ಕೆ, ಮಾಡಿನ ನೆರಳಿಗೆ ತಂದೆ. ಇಂದಿನವರೆಗೆ ಒಂದೂ ಬಂದಿಲ್ಲ. ಗೂಡು ಅಲ್ಲೇ ಇದೆ.

ನೆರೆಮನೆಯವರ ರಂಬುಟಾನ್ ತೋಟದ ಬಲೆಗೆ ಸಿಕ್ಕಿ ಸಾಯುವುದೂ ಇತ್ತು. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಣ್ಣುಬಾಕ ಬಾವಲಿಗಳು ಬಹುಕಾಲ ಪೀಡಕ ಪ್ರಾಣಿಗಳ ಪಟ್ಟಿಯಲ್ಲಿದ್ದವು, ಹಾಗಾಗಿ ಕೇಳುವವರಿರಲಿಲ್ಲ. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ಕೈಬಿಟ್ಟರು, 2023ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ನಾನು ಕಾಯ್ದೆ ತೋರಿಸಲು ಹೋಗಲಿಲ್ಲ. ಸಡಿಲ ಬಲೆಗೆ ರೆಕ್ಕೆ ಸಿಕ್ಕಿಕೊಳ್ಳುತ್ತದೆ, ಕಿರುಬೆರಳು ತೂರದಷ್ಟು ಸಣ್ಣ ಕಣ್ಣಿನ ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಿ ಎಂದೆ. ಅವರು ಹಾಗೆಯೇ ಮಾಡಿದರು, ಹಣ್ಣೂ ಉಳಿಯಿತು.

ಈಗ ನಮ್ಮಲ್ಲಿ ಒಂದು ರೂಢಿ ಬಂದಿದೆ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ, ಅಂಗಳದ ಉಷ್ಣಮಾಪಕ 36 ದಾಟಿದ ದಿನ ಹನ್ನೊಂದರಿಂದ ನಾಲ್ಕರವರೆಗೆ ಬನದ ಬದಿಯಲ್ಲಿ ಕಾಯಿ ಕೀಳುವುದಿಲ್ಲ, ಹುಲ್ಲು ಕತ್ತರಿಸುವ ಯಂತ್ರ ಓಡಿಸುವುದಿಲ್ಲ. ನಾನು ಸುತ್ತಲ ನಾಲ್ಕು ಮನೆಗೆ ಫೋನ್ ಮಾಡುತ್ತೇನೆ. ಮಧ್ಯಾಹ್ನಕ್ಕೆ ಮುಟ್ಟುತ್ತಿದ್ದ ವರ್ಷದ ತಂಬಿಲವನ್ನು (ನಾಗನ ಪೂಜೆಯನ್ನು) ಬೆಳಿಗ್ಗೆ ಏಳಕ್ಕೇ ಮುಗಿಸುತ್ತಾರೆ, ಪಟಾಕಿ ಇಲ್ಲ. ಕಳೆದ ಸಲ ಪ್ರಸಾದ ತೆಗೆದುಕೊಂಡು ಹೊರಡುವಾಗ ಯಜಮಾನರು ಮರದ ಕಡೆ ನೋಡಿ, "ಈ ಸಲ ಎಷ್ಟು ಉಂಟಮ್ಮ ಲೆಕ್ಕ?" ಎಂದು ಕೇಳಿದರು. ಇನ್ನೂ ಎರಡು ಸಂಜೆಯ ಎಣಿಕೆ ಬಾಕಿ ಇದೆ, ಆಮೇಲೆ ಹೇಳುತ್ತೇನೆ ಎಂದೆ.